55.4 ಸೆಕೆಂಡ್, ಯಾರೂ ನಂಬಲಿಲ್ಲ

ಈಜು ಸ್ಪರ್ಧೆಗೆ ಹೆಸರು ಕೊಡುವಾಗ ಫಾರಂನಲ್ಲಿ ಹೆಸರು, ವಯಸ್ಸು, ಈವೆಂಟ್ ಎಲ್ಲ ಆದ ಮೇಲೆ ಒಂದು ಚಿಕ್ಕ ಕಾಲಂ ಇರುತ್ತೆ: ಎಂಟ್ರಿ ಟೈಮ್. ಈ ದೂರವನ್ನು ನೀವು ಎಷ್ಟು ಸೆಕೆಂಡಿನಲ್ಲಿ ಈಜ್ತೀರಿ ಅಂತ ನೀವೇ ಬರೆದು ಕೊಡಬೇಕು. ಅದನ್ನು ನೋಡಿ ಹೀಟ್‌ಗಳನ್ನು ಜೋಡಿಸ್ತಾರೆ. ವೇಗದವರು ಕೊನೆಯ ಹೀಟ್‌ಗಳಲ್ಲಿ, ಅದರಲ್ಲೂ ನಡುವಿನ ಲೇನ್‌ಗಳಲ್ಲಿ. ನಿಧಾನದವರು ಮೊದಲ ಹೀಟ್‌ಗಳಲ್ಲಿ, ಗೋಡೆ ಪಕ್ಕದ ಲೇನ್‌ಗಳಲ್ಲಿ. ಟೈಮೇ ಇಲ್ಲ, ಎನ್.ಟಿ. ಅಂತ ಬರೆದವರನ್ನು ಎಲ್ಲರಿಗಿಂತ ನಿಧಾನದವರ ಜೊತೆ ಸೇರಿಸ್ತಾರೆ.

ಕೇಳೋಕೆ ಸರಳ. ಆದರೆ ಈ ಕಾಲಂ ತುಂಬುವಾಗ ಎಷ್ಟು ಜನರ ಕೈ ನಿಲ್ಲುತ್ತೆ ಅನ್ನೋದು ಈಜೋರಿಗೆ ಗೊತ್ತು. ಪ್ರಾಕ್ಟೀಸಿನಲ್ಲಿ ಒಂದೇ ಒಂದು ಸಲ ಬಂದ ಒಳ್ಳೆ ಟೈಮ್ ಬರೆದುಬಿಟ್ಟರೆ ಪಕ್ಕದ ಲೇನ್‌ನಲ್ಲಿ ಯುನಿವರ್ಸಿಟಿ ಬ್ಲೂ ನಿಂತಿರ್ತಾನೆ. ಅವನ ಭುಜ ನೋಡಿಯೇ ಅರ್ಧ ಉಸಿರು ಹೋಗಿರುತ್ತೆ. ಅದಕ್ಕೇ ಕೆಲವರು ಮೂರು ನಾಲ್ಕು ಸೆಕೆಂಡ್ ಜಾಸ್ತಿ ಬರೆದು ಯಾರೂ ಗಮನಿಸದ ಹೀಟ್‌ನಲ್ಲಿ ಅಡಗಿಕೊಳ್ತಾರೆ. ಇನ್ನು ಕೆಲವರು ತಮ್ಮನ್ನೇ ತಾವು ಹೆದರಿಸಿಕೊಂಡು ಓಡಿಸಲು ಕಡಿಮೆ ಬರೀತಾರೆ. ಎರಡರಲ್ಲೂ ಭಯ ಒಂದೇ. ನಾಲ್ಕು ಜನರ ಮುಂದೆ ಬರೆದುಕೊಟ್ಟ ಸಂಖ್ಯೆಗೆ ನೀರೊಳಗೆ ಉತ್ತರ ಹೇಳಬೇಕಲ್ಲ ಅನ್ನೋ ಭಯ.

ಈ ಲೇಖನದ ನಾಯಕನಿಗೆ ಇದರ ಇನ್ನೂ ದೊಡ್ಡ ರೂಪ ಎದುರಾಯ್ತು. ಅವನ ಟೈಮ್ ಅವನು ಊಹಿಸಿ ಬರೆದದ್ದಲ್ಲ, ನಿಜವಾಗಿ ಈಜಿದ್ದು. ಅದನ್ನು ಇಡೀ ದೇಶದ ಈಜು ಸಂಸ್ಥೆ ಸುಳ್ಳು ಅಂತು. ಆಮೇಲೆ 8,000 ಕಿಲೋಮೀಟರ್ ಆಚೆ ಹೋಗಿ, ತನಗೆ ಗೊತ್ತೇ ಇಲ್ಲದ ಥರದ ನೀರಿನಲ್ಲಿ, ಆ ಸಂಖ್ಯೆ ನಿಜ ಅಂತ ತೋರಿಸುವ ಹೊರೆ ಅವನ ಮೇಲೇ ಬಿತ್ತು. ಆಗ ಅವನಿಗೆ 21 ವರ್ಷ, ನಮ್ಮ ಫೈನಲ್ ಇಯರ್ ಹುಡುಗರ ವಯಸ್ಸು.

ಹೆಸರು ಡ್ಯೂಕ್ ಕಹಾನಮೋಕು. ಸರ್ಫಿಂಗ್ ಬಗ್ಗೆ ಒಂದು ವಿಡಿಯೋ ನೋಡಿದವರಿಗೂ ಈ ಹೆಸರು ಗೊತ್ತಿರುತ್ತೆ, ಇವತ್ತು ಜಗತ್ತಿನಲ್ಲೆಲ್ಲ ಇರುವ ಸರ್ಫಿಂಗ್‌ಗೆ ಅವನೇ ಮೂಲಪುರುಷ ಅಂತಾರೆ. ಇಲ್ಲಿ ಸರ್ಫಿಂಗ್ ಸ್ವಲ್ಪ ಪಕ್ಕಕ್ಕಿಡೋಣ. (ಇಷ್ಟು ದೊಡ್ಡ ಮನುಷ್ಯನನ್ನು ಏಕವಚನದಲ್ಲಿ ಕರೀತಾ ಇದೀನಿ ಅಂತ ಬೇಜಾರಾಗಬೇಡಿ. ಸಚಿನ್ ಸೆಂಚುರಿ ಹೊಡೆದ ಅಂತೀವಲ್ಲ, ಅದೇ ಸಲಿಗೆ.)

ಡ್ಯೂಕ್ ಅನ್ನೋದು ಬಿರುದಲ್ಲ, ಇಟ್ಟ ಹೆಸರು. 1869ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಫ್ರೆಡ್, ಅಂದರೆ ಎಡಿನ್‌ಬರೋದ ಡ್ಯೂಕ್, ಹವಾಯಿಗೆ ಬಂದಿದ್ದ. ಆ ನೆನಪಿಗೆ ಒಂದು ಮಗುವಿಗೆ ಡ್ಯೂಕ್ ಅಂತ ಹೆಸರಿಟ್ಟರು. ಆ ಮಗು ಬೆಳೆದು ತನ್ನ ಹಿರಿಯ ಮಗನಿಗೂ ಅದೇ ಹೆಸರಿಟ್ಟ. ನಮ್ಮ ಹಕ್ಕಿಪಿಕ್ಕಿ ಜನರಲ್ಲಿ ಹೈಕೋರ್ಟ್, ಮೈಸೂರು ಪಾಕ್ ಅಂತೆಲ್ಲ ಹೆಸರಿಡ್ತಿದ್ದರಲ್ಲ, ಹಾಗೇ ಇದೂ. ಮುಂದೆ ಯುರೋಪಿನಲ್ಲಿ ಈ ಹೆಸರು ಕೇಳಿದ ಪತ್ರಿಕೆಯವರಿಗೆ ಇವನು ರಾಜಮನೆತನದವನಿರಬೇಕು ಅಂತ ಗೊಂದಲ ಆಗ್ತಿತ್ತು. ಅವನ ಅಪ್ಪ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತ.

ಹುಟ್ಟಿದ್ದು 1890ರ ಆಗಸ್ಟ್ 24ರಂದು, ಹೊನೊಲುಲುವಿನಲ್ಲಿ. ಆಗ ಹವಾಯಿ ಇನ್ನೂ ಸ್ವತಂತ್ರ ರಾಜ್ಯ. ಅವನಿಗೆ ಎರಡೂವರೆ ವರ್ಷ ಆಗುವ ಹೊತ್ತಿಗೆ, 1893ರಲ್ಲಿ, ರಾಣಿಯನ್ನು ಪದಚ್ಯುತಗೊಳಿಸಿದರು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ತನ್ನದು ಮಾಡಿಕೊಂಡಿತು. ಹೀಗಾಗಿ ಡ್ಯೂಕ್ ಮುಂದೆ ಯಾವ ಬಾವುಟದಡಿ ಈಜಿದನೋ ಅದು ಅವನು ಹುಟ್ಟಿದಾಗ ಅವನ ನಾಡಿನ ಬಾವುಟ ಆಗಿರಲಿಲ್ಲ. ಅವನು ಈ ಬಗ್ಗೆ ಭಾಷಣ ಮಾಡಿದವನಲ್ಲ. ಆದರೆ ಅವನ ಜೀವನ ಓದುವಾಗ ನಾವು ಇದನ್ನು ಮರೆಯಬಾರದು ಅಂತ ನನಗನ್ನಿಸುತ್ತೆ.

ಮನೆ ವೈಕಿಕಿ ಕಡಲ ತೀರದಲ್ಲಿ. ಐದು ಜನ ತಮ್ಮಂದಿರು, ಮೂವರು ತಂಗಿಯರು. ಮನೆಗೆ ಆಸರೆಯಾಗಬೇಕಾಗಿ ಬಂದು ಓದು ಅರ್ಧಕ್ಕೆ ನಿಂತಿತು. ದಿನವೆಲ್ಲ ನೀರಿನಲ್ಲಿ. ಕೋಆ ಮರದಲ್ಲಿ ಮಾಡಿದ 16 ಅಡಿ ಉದ್ದದ ಅವನ ಸರ್ಫ್ ಹಲಗೆ ಸುಮಾರು 52 ಕೆ.ಜಿ. ತೂಗ್ತಿತ್ತು. ಅದನ್ನು ಹೊತ್ತು ನೀರಿಗೆ ಇಳಿಸೋದೇ ಜಿಮ್. ಅಲ್ಲಿನ ಹುಡುಗರ ಈಜು ಕೂಡ ಅಲೆಗಳ ನಡುವೆ ಬೆಳೆದದ್ದು: ತಲೆ ಸ್ವಲ್ಪ ಮೇಲೆ, ಕಾಲು ಮೊಣಕಾಲಿನಿಂದ ಮಡಚದೆ ಸೊಂಟದಿಂದಲೇ ಒಂದೇ ಸಮನೆ ಪಟಪಟ ಬಡಿತ. ಆ ಕಾಲಬಡಿತವನ್ನು ಆಮೇಲೆ ಅವನ ಹೆಸರಿನಿಂದಲೇ ಕರೆದರು. ಇವತ್ತು ಫ್ರೀಸ್ಟೈಲ್ ಕಲಿಸುವಾಗ ಹಲಗೆ ಹಿಡಿಸಿ ಕೋಚ್ ಹೊಡೆಸ್ತಾರಲ್ಲ, ಆ ಕಿಕ್‌ನ ವಂಶವೃಕ್ಷದಲ್ಲಿ ಇವನಿದ್ದಾನೆ.

ವೈಕಿಕಿಯ ಹುಡುಗರು ಸೇರಿ ಹುಯಿ ನಾಲು ಅಂತ ಒಂದು ಕ್ಲಬ್ ಮಾಡಿಕೊಂಡಿದ್ದರು. ಅಲೆಗಳ ಸಂಘ ಅಂತ ಅರ್ಥ. ಅವರ ಜೊತೆಗಿದ್ದ ವಿಲಿಯಂ ರಾಲಿನ್ಸ್ ಅನ್ನೋ ವಕೀಲರಿಗೆ ಈ ಹುಡುಗ ಎಷ್ಟು ವೇಗ ಅನ್ನೋದು ಕಣ್ಣಿಗೆ ಬಿತ್ತು. 1911ರ ಆಗಸ್ಟ್ 11ರಂದು ಹೊನೊಲುಲು ಬಂದರಿನಲ್ಲಿ ಅಮೆರಿಕದ ಅಮೆಚೂರ್ ಅಥ್ಲೆಟಿಕ್ ಯೂನಿಯನ್, ಅಂದರೆ ಎಎಯು, ಮಾನ್ಯತೆಯ ಸ್ಪರ್ಧೆ ನಡೆಯಿತು. ಈಜುಕೊಳ ಇಲ್ಲ. ಹಡಗು ನಿಲ್ಲುವ ಅಲಕೆಯಾ ಕಟ್ಟೆಯ ನಡುವಿನ ಉಪ್ಪುನೀರೇ ಟ್ರ್ಯಾಕ್. ಡ್ಯೂಕ್‌ಗೆ ಅದು ಮೊದಲ ಅಧಿಕೃತ ಸ್ಪರ್ಧೆ. ಈಗಿನ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ ಎನ್.ಟಿ.

100 ಗಜ ಫ್ರೀಸ್ಟೈಲ್. 55.4 ಸೆಕೆಂಡ್.

ಒಲಿಂಪಿಕ್ ಚಾಂಪಿಯನ್ ಚಾರ್ಲ್ಸ್ ಡೇನಿಯಲ್ಸ್ ಹೆಸರಿನಲ್ಲಿದ್ದ ದಾಖಲೆಗಿಂತ ಇದು 4.6 ಸೆಕೆಂಡ್ ಕಡಿಮೆ. ಅದೇ ದಿನ 220 ಗಜದಲ್ಲೂ ದಾಖಲೆ, 50 ಗಜದಲ್ಲಿ ದಾಖಲೆಗೆ ಸಮ. ಸ್ಪ್ರಿಂಟ್‌ನಲ್ಲಿ 0.2 ಸೆಕೆಂಡ್ ಕಡಿಮೆ ಮಾಡೋಕೆ ಜನ ಎರಡು ವರ್ಷ ಬೆವರು ಸುರಿಸ್ತಾರೆ. ಇಲ್ಲಿ ಕೋಚಿಂಗೇ ಕಾಣದ ಹುಡುಗ ಒಂದೇ ಮಧ್ಯಾಹ್ನ 4.6 ಕಿತ್ತುಹಾಕಿದ. ಅಳೆದವರಿಗೇ ನಂಬಿಕೆ ಬರಲಿಲ್ಲ, ದೂರವನ್ನು ಮತ್ತೆ ಅಳೆದರು. ಸರಿಯಾಗಿಯೇ ಇತ್ತು. ಫಲಿತಾಂಶ ಅಮೆರಿಕಕ್ಕೆ ಹೋಯ್ತು.

ಎಎಯು ಒಪ್ಪಲಿಲ್ಲ. ಅಲ್ಲಿನವರು ಸ್ಟಾಪ್‌ವಾಚ್ ಬದಲು ಅಲಾರಂ ಗಡಿಯಾರ ಹಿಡಿದಿರಬೇಕು ಅನ್ನೋ ಧಾಟಿಯ ಮಾತು ಮೊದಲು ಬಂತು. ಆಮೇಲೆ, ಸಮುದ್ರದ ಸೆಳೆತ ಅವನನ್ನು ದೂಡಿರಬೇಕು ಅಂದರು.

ಅಲಾರಂ ಗಡಿಯಾರದ ಮಾತು ಶುದ್ಧ ಅಹಂಕಾರ, ಅದನ್ನು ಬಿಡಿ. ಆದರೆ ಸೆಳೆತದ ಮಾತನ್ನು ಎಂಜಿನಿಯರಿಂಗ್ ಓದೋ ನಾವು ಹಾಗೇ ತಳ್ಳಿಹಾಕೋ ಹಾಗಿಲ್ಲ, ಒಂದು ಸಲ ಲೆಕ್ಕ ಮಾಡೋಣ. 100 ಗಜ ಅಂದರೆ 91.44 ಮೀಟರ್. 60 ಸೆಕೆಂಡಿಗೆ ಈಜಿದರೆ ಸರಾಸರಿ ವೇಗ ಸೆಕೆಂಡಿಗೆ 1.52 ಮೀಟರ್. 55.4ಕ್ಕೆ ಈಜಿದರೆ 1.65. ವ್ಯತ್ಯಾಸ ಸೆಕೆಂಡಿಗೆ 13 ಸೆಂಟಿಮೀಟರ್ ಕೂಡ ಇಲ್ಲ. ಅಂದರೆ ನೀರಿನಲ್ಲಿ ಒಂದು ಕಡ್ಡಿ ಬಿಟ್ಟರೆ ಅದು ಆ ಇಡೀ ರೇಸಿನ ಹೊತ್ತಿನಲ್ಲಿ ಬರೀ 7 ಮೀಟರ್ ತೇಲಿ ಹೋದರೆ ಸಾಕು, ದಾಖಲೆ ತಾನಾಗಿಯೇ ಬೀಳುತ್ತೆ. ದಡದ ಮೇಲೆ ನಿಂತವರಿಗೆ ಅಷ್ಟು ನಿಧಾನದ ಸೆಳೆತ ಕಣ್ಣಿಗೂ ಬೀಳಲ್ಲ. ಹಾಗಾಗಿ ಅನುಮಾನ ಪಡೋದು ತಪ್ಪಲ್ಲ. ಅನುಮಾನ ಇದ್ದರೆ ಒಬ್ಬರನ್ನು ಕಳಿಸಿ ಮತ್ತೆ ಅಳೆಯಬೇಕಿತ್ತು. ಸಾವಿರಾರು ಮೈಲಿ ದೂರದ ಕಂದು ಬಣ್ಣದ ಹುಡುಗನ ವಿಷಯಕ್ಕೆ ಅಷ್ಟು ಕಷ್ಟ ಯಾರೂ ಪಡಲಿಲ್ಲ. ನಂಬಲ್ಲ ಅಂದರು, ಮುಗೀತು.

ಈಗಲೂ ಟೈಮ್ ಬಂದರೆ ಸಾಕಾಗಲ್ಲ, ಅದು ಬಂದ ರೀತಿಯೂ ಮಾನ್ಯವಾಗಬೇಕು. 2021ರ ಜೂನ್‌ನಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿದರು. ಒಲಿಂಪಿಕ್ಸ್‌ನ ಎ ಅರ್ಹತಾ ಸಮಯ 53.85. ಆದರೆ ಅದು ಟೈಮ್ ಟ್ರಯಲ್‌ನಲ್ಲಿ ಬಂದದ್ದು, ಹಾಗಾಗಿ ಅಂತರರಾಷ್ಟ್ರೀಯ ಸಂಸ್ಥೆ ಒಪ್ಪುವವರೆಗೆ ಕಾಯಬೇಕಾಯ್ತು. ಅದು ಒಪ್ಪಿತು, ಅವರು ಟೋಕಿಯೋಗೆ ಹೋದರು. ಡ್ಯೂಕ್‌ಗೆ ಹಾಗೆ ಪತ್ರ ಬರೆದು ಗೆಲ್ಲುವ ದಾರಿ ಇರಲಿಲ್ಲ. ಅಲ್ಲಿಗೇ ಹೋಗಿ ಈಜಿ ತೋರಿಸಬೇಕು.

ಹೋಗೋಕೆ ದುಡ್ಡೆಲ್ಲಿ? ಹೊನೊಲುಲುವಿನ ಜನ ಚಂದಾ ಎತ್ತಿದರು. 1912ರ ಆರಂಭದಲ್ಲಿ ಡ್ಯೂಕ್ ಹಡಗು ಹತ್ತಿ ಸ್ಯಾನ್‌ಫ್ರಾನ್ಸಿಸ್ಕೋಗೆ, ಅಲ್ಲಿಂದ ರೈಲಿನಲ್ಲಿ ಪೂರ್ವಕ್ಕೆ ಹೊರಟ. ಹುಟ್ಟಿದಾಗಿನಿಂದ ಬೆಚ್ಚಗಿನ ಕಡಲನ್ನು ಬಿಟ್ಟು ಬೇರೆ ನೋಡದವನು ಈಗ ಹಿಮ ಬೀಳುವ ಚಳಿಗಾಲದ ಅಮೆರಿಕದಲ್ಲಿದ್ದ. ಕೆಲವು ಹೋಟೆಲುಗಳಲ್ಲಿ ಅವನ ಮೈಬಣ್ಣ ನೋಡಿ ಊಟ ಕೊಡಲ್ಲ ಅಂದದ್ದೂ ಉಂಟು.

ಈಜಬೇಕಿದ್ದದ್ದು ಕಟ್ಟಡದೊಳಗಿನ ಕೊಳದಲ್ಲಿ. ಇದೇ ದೊಡ್ಡ ತೊಂದರೆ. ಸಮುದ್ರದಲ್ಲಿ ನೇರ ಹೋಗೋದು ಅಷ್ಟೇ, ಕೊಳದಲ್ಲಿ ಪ್ರತಿ ಕೆಲವು ಸೆಕೆಂಡಿಗೊಮ್ಮೆ ಗೋಡೆ ಎದುರಾಗುತ್ತೆ. ತಿರುಗಬೇಕು, ಒದೆಯಬೇಕು, ಮತ್ತೆ ಲಯ ಹಿಡೀಬೇಕು. ಡ್ಯೂಕ್‌ಗೆ ಟರ್ನ್ ಅನ್ನೋದೇ ಗೊತ್ತಿರಲಿಲ್ಲ. ಉಪ್ಪುನೀರಿನಲ್ಲಿ ಮೈ ತಾನಾಗಿ ಮೇಲಿರುತ್ತೆ, ಸಿಹಿನೀರಿನಲ್ಲಿ ಸ್ವಲ್ಪ ಕೆಳಗಿಳಿಯುತ್ತೆ. ಅದೂ ಹೊಸದು. ಜೊತೆಗೆ ಗ್ಯಾಲರಿ ತುಂಬ ಜನ, ಆ ಅಲಾರಂ ಗಡಿಯಾರದ ಹುಡುಗ ಇವನೇನಾ ಅಂತ ನೋಡೋಕೆ ಬಂದವರು.

ಪಿಟ್ಸ್‌ಬರ್ಗ್‌ನಲ್ಲಿ 220 ಗಜದ ರೇಸಿನಲ್ಲಿ ಮೈ ಕೈಕೊಟ್ಟಿತು. ಸ್ನಾಯು ಹಿಡಿದುಕೊಂಡು ಮುಂದೆ ಹೋಗಲಾರದೆ ನಿಂತ, ಬೇರೆಯವರು ನೆರವಾಗಿ ಅವನನ್ನು ನೀರಿನಿಂದ ಹೊರಗೆ ತೆಗೆಯಬೇಕಾಯ್ತು. ವೈಕಿಕಿಯ ಮೀನು ಅಂತ ಊರವರು ಚಂದಾ ಎತ್ತಿ ಕಳಿಸಿದ ಹುಡುಗ ಒಂದು ಸಣ್ಣ ಕೊಳದಲ್ಲಿ ಮುಳುಗುವ ಸ್ಥಿತಿ. ಚಳಿ ಕಾರಣ, ತಣ್ಣೀರು ಕಾರಣ, ಆರಂಭದಲ್ಲೇ ವಿಪರೀತ ವೇಗ ಕಾರಣ ಅಂತೆಲ್ಲ ಹೇಳಬಹುದು, ಎಲ್ಲದರಲ್ಲೂ ಸ್ವಲ್ಪ ನಿಜ ಇದ್ದೀತು. ಆದರೆ ರೇಸಿನ ಮುಂಚೆ ಎದೆ ಬಿಗಿದವರಿಗೆ ಇನ್ನೊಂದು ಕಾರಣವೂ ಕಾಣುತ್ತೆ. ಹೆದರಿದ ಮೈ ಉಸಿರನ್ನು ಪೂರ್ತಿ ಹೊರಗೆ ಬಿಡಲ್ಲ. ಭುಜ ಕಿವಿಗೇರುತ್ತೆ, ಮೊದಲ 50ರಲ್ಲಿ ಎಲ್ಲ ಖರ್ಚಾಗುತ್ತೆ, ಆಮೇಲೆ ಕೈಕಾಲು ಸೀಸದ ಹಾಗೆ. ಅವನು ಹೆದರಿದ್ದ ಅಂತ ಎಲ್ಲೂ ಬರೆದಿಟ್ಟಿಲ್ಲ. ಆದರೆ 55.4 ಅನ್ನೋ ಸಂಖ್ಯೆ ಬೆನ್ನ ಮೇಲೆ ಕೂತಿರುವಾಗ ಹೆದರದೆ ಇದ್ದಿದ್ದರೆ ಅವನು ಮನುಷ್ಯನೇ ಅಲ್ಲ ಅಂತ ನಾನಂತೂ ತಿಳೀತೀನಿ.

ಸೋತು ವಾಪಸ್ ಹೋಗಲಿಲ್ಲ, ಅದೇ ಈ ಕಥೆಯ ಗಂಟು. ಫಿಲಡೆಲ್ಫಿಯಾಕ್ಕೆ ಹೋಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಜು ಕೋಚ್ ಜಾರ್ಜ್ ಕಿಸ್ಟ್ಲರ್ ಕೈಕೆಳಗೆ ಸೇರಿದ. ಅಲ್ಲಿ ನಡೆದದ್ದು ಪವಾಡ ಅಲ್ಲ, ನಮ್ಮ ಲ್ಯಾಬ್ ಕೆಲಸದ ಥರದ್ದು. ಡೈವ್ ತಿದ್ದೋದು, ಟರ್ನ್ ಕಲಿಯೋದು, ಕೊಳದ ನೀರಿಗೆ ಮೈ ಒಗ್ಗಿಸೋದು. ತಿಂಗಳುಗಟ್ಟಲೆ ಇದೇ. ಒಲಿಂಪಿಕ್ ಆಯ್ಕೆಯ ಟ್ರಯಲ್‌ನಲ್ಲಿ 100 ಮೀಟರ್ ಗೆದ್ದ. ಆಮೇಲೆ ನ್ಯೂಜೆರ್ಸಿಯ ವೆರೋನಾ ಸರೋವರದಲ್ಲಿ ನಡೆದ ಟ್ರಯಲ್‌ನಲ್ಲಿ ರಿಲೇ ತಂಡಕ್ಕೂ ಆಯ್ಕೆಯಾದ. ತೆರೆದ ನೀರು ಸಿಕ್ಕ ಕೂಡಲೇ ಮನೆಗೆ ಬಂದ ಹಾಗಾಗಿರಬೇಕು.

ಅಮೆರಿಕದ ತಂಡ ಫಿನ್‌ಲ್ಯಾಂಡ್ ಅನ್ನೋ ಹಡಗಿನಲ್ಲಿ ಸ್ವೀಡನ್‌ಗೆ ಹೊರಟಿತು. ಹಡಗಿನ ಮೇಲೆ ಕ್ಯಾನ್ವಾಸಿನ ಒಂದು ಸಣ್ಣ ತೊಟ್ಟಿ. ಈಜುಗಾರರ ಸೊಂಟಕ್ಕೆ ಬೆಲ್ಟ್ ಕಟ್ಟಿ ಹಗ್ಗಕ್ಕೆ ಬಿಗಿದರೆ, ಎಷ್ಟು ಈಜಿದರೂ ಇದ್ದಲ್ಲೇ. ಡ್ಯೂಕ್ ಬಿಡುವಾದಾಗ ಯುಕುಲೇಲೆ ನುಡಿಸ್ತಾ ಕೂರ್ತಿದ್ದ. ಅದೇ ಹಡಗಿನಲ್ಲಿ ಜಿಮ್ ಥೋರ್ಪ್ ಇದ್ದ, ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ಸ್ಟಾಕ್‌ಹೋಮ್‌ನಲ್ಲೂ ಈಜುಕೊಳ ಇರಲಿಲ್ಲ, ಸಮುದ್ರದ ಹಿನ್ನೀರಿನಲ್ಲೇ 100 ಮೀಟರಿನ ಟ್ರ್ಯಾಕ್ ಮಾಡಿದ್ದರು. ಜುಲೈ 6ರ ಹೀಟ್‌ನಲ್ಲಿ ಡ್ಯೂಕ್ 1 ನಿಮಿಷ 2.6 ಸೆಕೆಂಡಿನಲ್ಲಿ ಮುಗಿಸಿದ. ಎಲ್ಲರ ಕಣ್ಣೂ ಅವನ ಮೇಲೆ. ಮರುದಿನ ಸೆಮಿಫೈನಲ್. ಅಮೆರಿಕದ ಮೂವರೂ ಅಲ್ಲಿಗೆ ಬರಲೇ ಇಲ್ಲ! ಯಾವಾಗ ಅನ್ನೋದರ ಬಗ್ಗೆ ಅವರ ಕಡೆಯವರಿಗೆ ತಪ್ಪು ತಿಳುವಳಿಕೆ. ಎಕ್ಸಾಂ ಟೈಂಟೇಬಲ್ ತಪ್ಪಾಗಿ ನೋಡಿ ಮಧ್ಯಾಹ್ನದ ಪೇಪರ್ ಅಂತ ಬೆಳಿಗ್ಗೆ ಮಲಗಿರೋ ಹಾಗೆ. ಸೆಮಿಫೈನಲ್ ಅವರಿಲ್ಲದೆ ನಡೆದು ಮುಗಿದುಹೋಯ್ತು.

ನಿಯಮದ ಪ್ರಕಾರ ಅಲ್ಲಿಗೆ ಮುಗೀಬೇಕಿತ್ತು. ಬೆಂಬಲಕ್ಕೆ ನಿಂತದ್ದು ಎದುರಾಳಿಗಳೇ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ ಆಸ್ಟ್ರಲೇಷಿಯಾ ಅಂತ ಒಂದೇ ತಂಡ ಇತ್ತು. ಅದರ ಸೆಸಿಲ್ ಹೀಲಿ ಆಗಲೇ ಫೈನಲ್‌ಗೆ ಬಂದಿದ್ದ. ಡ್ಯೂಕ್ ಇಲ್ಲದಿದ್ದರೆ ಚಿನ್ನ ಅವನದ್ದೇ ಆಗೋ ಸಾಧ್ಯತೆ ಬಹಳ. ಆದರೂ ಅಮೆರಿಕದವರಿಗೆ ಇನ್ನೊಂದು ಅವಕಾಶ ಕೊಡಬೇಕು ಅಂತ ಹೀಲಿ ಮತ್ತು ಅವನ ತಂಡ ವಾದಿಸಿತು. ಕೊನೆಗೆ ಜುಲೈ 9ರಂದು ತಪ್ಪಿಸಿಕೊಂಡವರಿಗಾಗಿ ಒಂದು ವಿಶೇಷ ಸೆಮಿಫೈನಲ್ ಇಟ್ಟರು. ಬರೀ ಗೆದ್ದರೆ ಸಾಲದು, ಆಗಲೇ ಮುಗಿದಿದ್ದ ಸೆಮಿಫೈನಲ್‌ನ ಸಮಯಕ್ಕೆ ಹೋಲಿಸಿ ಅರ್ಹತೆ.

ಒಂದು ಕ್ಷಣ ಅವನ ಜಾಗದಲ್ಲಿ ನಿಂತು ಯೋಚಿಸಿ. ಪಕ್ಕದಲ್ಲಿ ಇಡೀ ಸ್ಪರ್ಧೆಯ ಎದುರಾಳಿಗಳಿಲ್ಲ, ಗಡಿಯಾರ ಮಾತ್ರ. ಹೊನೊಲುಲುವಿನಲ್ಲಿ ಯಾವ ಗಡಿಯಾರವನ್ನು ಯಾರೂ ನಂಬಲಿಲ್ಲವೋ, ಈಗ ಅದೇ ಗಡಿಯಾರದ ಮೇಲೆ ಎಲ್ಲ ನಿಂತಿದೆ. ಈ ಸಲ ಅದನ್ನು ಹಿಡಿದವರು ಒಲಿಂಪಿಕ್ಸ್‌ನ ಅಧಿಕಾರಿಗಳು. ಅವನು 1 ನಿಮಿಷ 2.4 ಸೆಕೆಂಡಿಗೆ ಮುಟ್ಟಿದ. ವಿಶ್ವದಾಖಲೆಗೆ ಸರಿಸಮ. ಪಿಟ್ಸ್‌ಬರ್ಗ್‌ನ ಕೊಳದಿಂದ ಅವನನ್ನು ಹೊರಗೆಳೆದು ಇನ್ನೂ ಆರು ತಿಂಗಳಾಗಿರಲಿಲ್ಲ.

ಮರುದಿನದ ಫೈನಲ್ ಆಮೇಲೆ ಸುಲಭವೇ ಅನ್ನಿಸುತ್ತೆ. ಫೈನಲ್‌ಗೆ ಮುಂಚೆ ಅವನು ಎಲ್ಲೋ ನಿದ್ದೆ ಹೊಡೀತಿದ್ದ, ಹುಡುಕಿ ಎಬ್ಬಿಸಿ ತಂದರು ಅಂತ ಒಂದು ಕಥೆ ಬಾಯಿಂದ ಬಾಯಿಗೆ ಬೆಳೆದಿದೆ. ಅರ್ಧ ದಾರಿಯಲ್ಲಿ ತಲೆ ಎತ್ತಿ ಹಿಂದಿನವರು ಎಲ್ಲಿದ್ದಾರೆ ಅಂತ ನೋಡಿ ನಿಧಾನ ಮಾಡಿದ ಅಂತಲೂ ಹೇಳ್ತಾರೆ. ಡ್ಯೂಕ್ 1:03.4, ಹೀಲಿ 1:04.6, ಅಮೆರಿಕದ ಕೆನ್ ಹುಸಾಗ್ 1:05.6. ಸ್ವೀಡನ್ನಿನ ದೊರೆ ಐದನೆಯ ಗುಸ್ಟಾವ್ ಬಹುಮಾನ ಕೊಟ್ಟರು. 4×200 ಮೀಟರ್ ರಿಲೇಯಲ್ಲಿ ಹೀಲಿಯ ತಂಡಕ್ಕೆ ಚಿನ್ನ, ಡ್ಯೂಕ್‌ನ ತಂಡಕ್ಕೆ ಬೆಳ್ಳಿ. ಹೀಲಿ ಆರು ವರ್ಷದ ನಂತರ, 1918ರ ಆಗಸ್ಟ್‌ನಲ್ಲಿ, ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಈ ಲೇಖನ ಓದಿ ಡ್ಯೂಕ್ ಒಬ್ಬನನ್ನೇ ನೆನಪಿಟ್ಟುಕೊಂಡರೆ ನನಗೆ ಬೇಜಾರು. ಹೀಲಿಯನ್ನೂ ಇಟ್ಟುಕೊಳ್ಳಿ.

ಇಷ್ಟಾದರೂ ತಕರಾರು ಮಾಡೋರು ಒಂದು ಮಾತು ಹೇಳಬಹುದಿತ್ತು. 100 ಮೀಟರನ್ನು 62.4 ಸೆಕೆಂಡ್ ಅಂದರೆ ವೇಗ ಸೆಕೆಂಡಿಗೆ 1.60 ಮೀಟರ್. ಬಂದರಿನ 1.65 ಇನ್ನೂ ಬಂದಿಲ್ಲವಲ್ಲ! ಆ ಲೆಕ್ಕ ತೀರಿದ್ದು ಸಿಡ್ನಿಯಲ್ಲಿ. 1914ರ ಕೊನೆಗೆ ಡ್ಯೂಕ್‌ನನ್ನು ಆಸ್ಟ್ರೇಲಿಯಾಕ್ಕೆ ಕರೆಸಿಕೊಂಡರು. ಡಿಸೆಂಬರ್ 24ರಂದು ಫ್ರೆಶ್‌ವಾಟರ್ ತೀರದಲ್ಲಿ, ಅಲ್ಲೇ ಸಿಕ್ಕ ಪೈನ್ ಮರದಿಂದ ತಾನೇ ಕೆತ್ತಿದ ಹಲಗೆ ಮೇಲೆ ನಿಂತು ಅಲೆ ಸವಾರಿ ತೋರಿಸಿದ. ಆಸ್ಟ್ರೇಲಿಯಾದವರು ಇವತ್ತಿಗೂ ಆ ಹಲಗೆಯನ್ನು ಕಾಪಾಡಿಟ್ಟಿದ್ದಾರೆ. ಮುಂದಿನ ತಿಂಗಳು ಸಿಡ್ನಿಯ ಡೊಮೇನ್ ಬಾತ್ಸ್‌ನಲ್ಲಿ 100 ಗಜವನ್ನು 53.8 ಸೆಕೆಂಡಿನಲ್ಲಿ ಈಜಿದ. ವಿಶ್ವದಾಖಲೆ. ವೇಗ ಸೆಕೆಂಡಿಗೆ 1.70 ಮೀಟರ್. ಯಾರೂ ನಂಬದಿದ್ದ ಆ ದಿನಕ್ಕಿಂತ ಜಾಸ್ತಿ.

1916ರ ಒಲಿಂಪಿಕ್ಸ್ ಯುದ್ಧಕ್ಕೆ ಬಲಿಯಾಯ್ತು. ಅವನಿಗೆ ಆಗ 26, ಸ್ಪ್ರಿಂಟರ್‌ನ ಒಳ್ಳೆಯ ವಯಸ್ಸು. 1918ರಲ್ಲಿ ರೆಡ್ ಕ್ರಾಸ್‌ಗೆ ಹಣ ಕೂಡಿಸೋಕೆ ಊರೂರು ಸುತ್ತಿ ಈಜಿ ತೋರಿಸಿದ. ಆ ವರ್ಷದ ಫ್ಲೂ ಅವನನ್ನೂ ಹಿಡಿದು ಸಾಯುವ ಹಂತಕ್ಕೆ ಒಯ್ದಿತ್ತು.

1920, ಬೆಲ್ಜಿಯಂನ ಆಂಟ್‌ವರ್ಪ್. ಕೊಳದ ನೀರು ಮೈ ಕೊರೆಯುವಷ್ಟು ತಣ್ಣಗೆ. 100 ಮೀಟರ್ ಫೈನಲ್ ನಡೆದದ್ದು ಆಗಸ್ಟ್ 24ಕ್ಕೆ, ಸರಿಯಾಗಿ ಅವನ 30ನೇ ಹುಟ್ಟುಹಬ್ಬದ ದಿನ. 1 ನಿಮಿಷ 0.4 ಸೆಕೆಂಡ್, ವಿಶ್ವದಾಖಲೆ. ಹಳೇ ಬಂದರಿನ ವೇಗವನ್ನು 100 ಮೀಟರಿಗೆ ಎಳೆದರೆ ಎಷ್ಟಾಗುತ್ತೆ ಗೊತ್ತಾ? 60.6 ಸೆಕೆಂಡ್. ಒಂಬತ್ತು ವರ್ಷದ ಹಿಂದೆ ಸುಳ್ಳು ಅನಿಸಿಕೊಂಡ ಲೆಕ್ಕಕ್ಕೂ ಒಲಿಂಪಿಕ್ ಚಿನ್ನಕ್ಕೂ ನಡುವೆ 0.2 ಸೆಕೆಂಡ್ ಅಂತರ.

ಅಲ್ಲೂ ಬಿಡಲಿಲ್ಲ ಗ್ರಹಚಾರ. ಪಕ್ಕದ ಲೇನ್‌ನವನು ತನಗೆ ಅಡ್ಡ ಬಂದ ಅಂತ ಆಸ್ಟ್ರೇಲಿಯಾದ ಈಜುಗಾರನೊಬ್ಬ ದೂರು ಕೊಟ್ಟ. ದೂರು ಡ್ಯೂಕ್ ಮೇಲಲ್ಲ, ಆದರೂ ಫೈನಲ್ ಪೂರ್ತಿ ರದ್ದು. ಐದು ದಿನದ ನಂತರ ಮತ್ತೆ ಈಜಬೇಕು. ಗೆದ್ದು ಮುಗಿಸಿದ ಪರೀಕ್ಷೆಯನ್ನು ಮತ್ತೆ ಬರೆಯೋದು ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಡ್ಯೂಕ್ ಮತ್ತೆ ಈಜಿದ, 1:01.4, ಮತ್ತೆ ಮೊದಲಿಗ. ಎರಡನೆಯವನು ಪುವಾ ಕೆಯಲೋಹಾ, ಮೂರನೆಯವನು ಬಿಲ್ ಹ್ಯಾರಿಸ್. ಮೂವರೂ ಹವಾಯಿಯವರು. ಅಲಾರಂ ಗಡಿಯಾರದ ಊರು ಮೂರೂ ಪದಕ ಬಾಚಿಕೊಂಡಿತ್ತು. ರಿಲೇಯಲ್ಲೂ ಚಿನ್ನ.

ಅಷ್ಟರಲ್ಲಿ ಶಿಕಾಗೋದಲ್ಲಿ ಒಬ್ಬ ಹುಡುಗ ಬೆಳೀತಿದ್ದ, ಜಾನಿ ವೈಸ್‌ಮುಲ್ಲರ್. ಮುಂದೆ ಸಿನಿಮಾದಲ್ಲಿ ಟಾರ್ಜನ್ ಆದವನು. 1922ರಲ್ಲಿ 58.6 ಸೆಕೆಂಡ್ ಈಜಿ, 100 ಮೀಟರನ್ನು ಒಂದು ನಿಮಿಷದೊಳಗೆ ಮುಗಿಸಿದ ಮೊದಲಿಗನಾದ. 1924ರ ಪ್ಯಾರಿಸ್ ಫೈನಲ್‌ಗೆ ನಿಂತಾಗ ಅವನಿಗೆ 20, ಡ್ಯೂಕ್‌ಗೆ ಸುಮಾರು 34. ಮೂರನೆಯವನಾಗಿ ಡ್ಯೂಕ್‌ನ ತಮ್ಮ ಸ್ಯಾಮ್. ಅಣ್ಣತಮ್ಮ ಸೇರಿ ಏನಾದರೂ ತಂತ್ರ ಹೂಡಿ ತನ್ನನ್ನು ಸೋಲಿಸಬಹುದು ಅಂತ ವೈಸ್‌ಮುಲ್ಲರ್‌ಗೆ ಒಳಗೊಳಗೇ ಪುಕಪುಕ. ವಿಶ್ವದಾಖಲೆ ಇರೋನಿಗೂ! ಎಂಟ್ರಿ ಟೈಮ್ ಎಲ್ಲರಿಗಿಂತ ಚೆನ್ನಾಗಿದ್ದರೆ ಭಯ ಹೋಗುತ್ತೆ ಅನ್ನೋರು ಇದನ್ನು ಗಮನಿಸಬೇಕು. ರೇಸಿನ ಮುಂಚೆ ಡ್ಯೂಕ್ ಅವನ ಹತ್ತಿರ ಬಂದು ಒಳ್ಳೆಯದಾಗಲಿ ಅಂದ, ಮೂರೂ ಕಂಬದ ಮೇಲೆ ಅಮೆರಿಕದ ಬಾವುಟ ಏರೋದೇ ಮುಖ್ಯ ಅಂತ ಸಮಾಧಾನ ಹೇಳಿದ ಅಂತ ಆ ರೇಸಿನ ಕಥೆ ಹೇಳೋರೆಲ್ಲ ಹೇಳ್ತಾರೆ. ಪಿಟ್ಸ್‌ಬರ್ಗ್‌ನಲ್ಲಿ ಅವನಿಗೆ ಹಾಗೆ ಹೇಳೋಕೆ ಯಾರಿದ್ದರೋ! ವೈಸ್‌ಮುಲ್ಲರ್ 59.0, ಡ್ಯೂಕ್ 1:01.4, ಸ್ಯಾಮ್ 1:01.8. ನಾಲ್ಕು ವರ್ಷದ ಹಿಂದೆ ಚಿನ್ನ ಗೆದ್ದ ಸಮಯಕ್ಕೇ ಈಗ ಬೆಳ್ಳಿ.

ಈಗ ಜಿಮ್ ಥೋರ್ಪ್ ವಿಷಯ. ಸ್ಟಾಕ್‌ಹೋಮ್‌ನಲ್ಲಿ ಎರಡು ಚಿನ್ನ ಗೆದ್ದ ಥೋರ್ಪ್, ಹಿಂದೆ ಯಾವಾಗಲೋ ಬೇಸ್‌ಬಾಲ್ ಆಡಿ ಚಿಲ್ಲರೆ ದುಡ್ಡು ತಗೊಂಡಿದ್ದ ಅಂತ ಗೊತ್ತಾಗಿ 1913ರಲ್ಲಿ ಪದಕ ಕಿತ್ತುಕೊಂಡರು. ಅಮೆಚೂರ್ ಅಂದರೆ ಆಟದಿಂದ ಒಂದು ಕಾಸೂ ಮುಟ್ಟಬಾರದು. ಮನೆಯಲ್ಲಿ ಆಸ್ತಿ ಇದ್ದವರಿಗೆ ಈ ನಿಯಮ ಗೌರವ, ಡ್ಯೂಕ್‌ನಂಥವರಿಗೆ ಉಪವಾಸ. ಜಗತ್ತಿನ ಅತಿ ವೇಗದ ಈಜುಗಾರ ಊರಿಗೆ ಬಂದು ಮೀಟರ್ ರೀಡಿಂಗ್ ತಗೊಳ್ಳೋ ಕೆಲಸ ಮಾಡಿದ, ಸರ್ಕಾರಿ ಕಟ್ಟಡದಲ್ಲಿ ಕಸ ಗುಡಿಸಿದ. ಹಾಲಿವುಡ್‌ಗೂ ಹೋದ. ಅಲ್ಲಿ ಸಿಕ್ಕಿದ್ದು ಬುಡಕಟ್ಟಿನ ನಾಯಕ ಅಥವಾ ಅಂಥದ್ದೇ ಚಿಕ್ಕ ಪಾತ್ರಗಳು. ಇವನನ್ನು ಸೋಲಿಸಿದ ಜಾನಿಗೆ ಟಾರ್ಜನ್ ಸಿಕ್ಕಿತು. ಇದಕ್ಕೆ ನಾನು ಟಿಪ್ಪಣಿ ಸೇರಿಸಬೇಕಾಗಿಲ್ಲ.

1925ರ ಜೂನ್ 14ರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬಳಿ ಅವನು ಗೆಳೆಯರ ಜೊತೆ ತೀರದಲ್ಲಿದ್ದ. ಥೆಲ್ಮಾ ಅನ್ನೋ ದೋಣಿ 29 ಜನರನ್ನು ಹೊತ್ತು ಬಂದರಿನ ಬಾಯಲ್ಲಿ ದೊಡ್ಡ ಅಲೆಗೆ ಸಿಕ್ಕಿ ಮಗುಚಿತು. ಡ್ಯೂಕ್ ಸರ್ಫ್ ಹಲಗೆ ಹಿಡಿದು ನುಗ್ಗಿದ, ಸಿಕ್ಕವರನ್ನು ಹಲಗೆ ಮೇಲೆ ಎಳೆದು ಹಾಕಿ ದಡಕ್ಕೆ ತಂದ, ಮತ್ತೆ ಹೋದ, ಮತ್ತೆ ತಂದ. 17 ಜನ ಸತ್ತರು. ಉಳಿದ 12 ಜನರಲ್ಲಿ 8 ಜನರನ್ನು ಉಳಿಸಿದ್ದು ಅವನೊಬ್ಬನೇ. ಅಲ್ಲಿಂದ ಮುಂದೆ ಅಮೆರಿಕದ ಲೈಫ್‌ಗಾರ್ಡ್‌ಗಳು ಹಲಗೆಯನ್ನು ರಕ್ಷಣೆಯ ಸಾಧನವಾಗಿ ಇಟ್ಟುಕೊಳ್ಳೋದು ಹೆಚ್ಚಾಯ್ತು. ಆ ದಿನ ಯಾರೂ ಅವನ ಟೈಮ್ ನೋಡಲಿಲ್ಲ.

ಮುಂದಿನದು ಬೇಗ ಹೇಳಿಬಿಡ್ತೀನಿ. ಹೊನೊಲುಲುವಿನಲ್ಲಿ ಪೆಟ್ರೋಲ್ ಬಂಕ್ ನಡೆಸಿದ. ಆಮೇಲೆ ಚುನಾವಣೆಗೆ ನಿಂತು ಷೆರಿಫ್ ಆದ, 13 ಸಲ ಆರಿಸಿ ಬಂದ. 1940ರಲ್ಲಿ, 49ನೇ ವಯಸ್ಸಿನಲ್ಲಿ, ನೃತ್ಯ ಕಲಿಸ್ತಿದ್ದ ನಾಡೀನ್ ಅವರನ್ನು ಮದುವೆಯಾದ. ಬಂದ ಗಣ್ಯರಿಗೆಲ್ಲ ಹೂಮಾಲೆ ಹಾಕಿ ಸ್ವಾಗತಿಸೋದು ಅವನ ಪಾಲಿಗೆ ಬಂದ ಕೆಲಸ. 1965ರಲ್ಲಿ ಈಜಿನ ಹಾಲ್ ಆಫ್ ಫೇಮ್‌ಗೆ, ಮರುವರ್ಷ ಸರ್ಫಿಂಗ್‌ನದ್ದಕ್ಕೆ ಅವನ ಹೆಸರು ಸೇರಿತು. ಎರಡರಲ್ಲೂ ಇದ್ದ ಮೊದಲ ವ್ಯಕ್ತಿ ಅವನೇ. ಎಎಯು ಕೂಡ ಎಷ್ಟೋ ವರ್ಷ ಕಳೆದ ಮೇಲೆ ಬಂದರಿನ ಆ ದಿನವನ್ನು ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಆ ಒಪ್ಪಿಗೆಯಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

1968ರ ಜನವರಿ 22ರಂದು ಹೃದಯಾಘಾತದಿಂದ ಡ್ಯೂಕ್ ತೀರಿಕೊಂಡ. 77 ವರ್ಷ. ವೈಕಿಕಿಯ ಜನ ದೋಣಿಗಳಲ್ಲಿ ಸಮುದ್ರಕ್ಕೆ ಹೋಗಿ ಚಿತಾಭಸ್ಮವನ್ನು ಅಲೆಗಳಿಗೆ ಬಿಟ್ಟರು. 1990ರಲ್ಲಿ, ಹುಟ್ಟಿ ನೂರು ವರ್ಷ ಆದಾಗ, ಅದೇ ತೀರದಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದರು: ಎರಡೂ ತೋಳು ಚಾಚಿ ನಿಂತ ಡ್ಯೂಕ್, ಹಿಂದೆ ಅವನ ಉದ್ದ ಹಲಗೆ. ಮುಖ ರಸ್ತೆ ಕಡೆಗಿದೆ, ಬೆನ್ನು ಕಡಲಿಗೆ. ಕಡಲಿಗೆ ಬೆನ್ನು ಹಾಕಿ ನಿಲ್ಲೋ ಮನುಷ್ಯನೇ ಅಲ್ಲ ಅವನು ಅಂತ ಊರಿನ ಹಳಬರು ಆಗಲೂ ಗೊಣಗಿದ್ದರು, ಈಗಲೂ ಗೊಣಗ್ತಾರೆ. ಪ್ರತಿಮೆಯನ್ನು ಯಾರೂ ತಿರುಗಿಸಿಲ್ಲ. ಬರೋರು ಹೋಗೋರು ಆ ಚಾಚಿದ ತೋಳುಗಳಿಗೆ ಹೂವಿನ ಹಾರ ಹಾಕಿ ಹೋಗ್ತಾರೆ.